ಎರಡು ಕಿಲೋಮೀಟರು ತಂತಿ

ಲಿಯೆಪಾಯದ ಗಾಳಿಗೆ ಬಾಗಿಲು ತಟ್ಟುವ ಅಭ್ಯಾಸವಿಲ್ಲ.
ಅದರ ಹಿಂದೆಯೇ ಔಸ್ಮ ಒಳಬಂದಳು, ಕಂಕುಳಲ್ಲಿ
ಹಳೆ ಕಂಬಳಿ ಸುತ್ತಿದ ಮರದ ಪೆಟ್ಟಿಗೆ.
"ಅಜ್ಜನ ರೇಡಿಯೋ. ಹಾಡದಿದ್ದರೂ ಚಿಂತೆಯಿಲ್ಲ,
ಒಮ್ಮೆ ಕೆಮ್ಮಿದರೆ ಸಾಕು."

ಮುಚ್ಚಳ ತೆಗೆದೆ. ಇಲಿ ಸಂಸಾರ ಹೂಡಿ ಬಿಟ್ಟುಹೋದ ಗುರುತು,
ರಟ್ಟಿನ ಕೊಳವೆಗೆ ಸುತ್ತಿದ ತಂತಿಯ ಸುರುಳಿ,
ಹತ್ತಿನೂಲಿನ ಹೊದಿಕೆ ಕೊಳೆತು, ಮೂರು ಕಡೆ ತುಂಡು.
ತಳದಲ್ಲಿ ಮಡಿಸಿಟ್ಟ ನಕ್ಷೆ, ಪೆನ್ಸಿಲ್ಲಿನ ಬರಹ:
ಸುರುಳಿ, ೨,೦೦,೦೦೦ ಸೆಂ.ಮೀ.

ನನ್ನ ಹುಡುಗ ಗಿರ್ತ್ಸ್ ಬೆರಳು ಮಡಿಸಿ ಲೆಕ್ಕ ಹಾಕಿದ:
"ಎರಡು ಕಿಲೋಮೀಟರು! ದೀಪಸ್ತಂಭ ದಾಟಿ
ಸಮುದ್ರಕ್ಕೆ ಬೀಳುವಷ್ಟು."
ತಂತಿ ಮಾರುವವನಿಗೆ ಫೋನು ಮಾಡಿ
ದರವನ್ನೂ ಕೇಳಿದ, ಪುಣ್ಯಾತ್ಮ.

ಫೋನು ಇಡು, ಕೂರು, ಎಂದೆ.
ಇದು ಉದ್ದವಲ್ಲ, ಹಠದ ಅಳತೆ.
ಸುರುಳಿಯೊಳಗಿನ ವಿದ್ಯುತ್ತು ನಿನ್ನ ಹಾಗೆಯೇ,
ಏಳೆಂದರೆ ಏಳದು,
ಎದ್ದ ಮೇಲೆ ಕೂರೆಂದರೆ ಕೂರದು.
ಆ ಮೊಂಡುತನಕ್ಕೆ ಪುಸ್ತಕದಲ್ಲಿ ಪ್ರೇರಕತ್ವವೆಂದು ಹೆಸರು.
ನಾವು ಹೆನ್ರಿಯಲ್ಲಿ ಅಳೆಯುತ್ತೇವೆ;
ಊರಿಗೊಂದು ಸೇರು ಇದ್ದ ಕಾಲದವರು
ಇದನ್ನೂ ಸೆಂಟಿಮೀಟರಿನಲ್ಲೇ ಅಳೆದರು.
ಅವರ ಒಂದು ಸೆಂಟಿಮೀಟರು
ನಮ್ಮ ಹೆನ್ರಿಯ ನೂರು ಕೋಟಿಯಲ್ಲೊಂದು ಪಾಲು.
ತಿರುಗಿಸಿ ನೋಡು: ಒಂದು ಹೆನ್ರಿಯೆಂದರೆ
ಉತ್ತರ ಧ್ರುವದಿಂದ ಭೂಮಧ್ಯರೇಖೆವರೆಗಿನ ನಡಿಗೆ.
ಅಷ್ಟು ಹಠ ಯಾವ ರೇಡಿಯೋಕ್ಕೆ ಬೇಕು?
ಕೊನೆಯ ಮೂರು ಸೊನ್ನೆ ಒರೆಸು.
ಇನ್ನೂರು ಮೈಕ್ರೋಹೆನ್ರಿ. ಮುಗಿಯಿತು.

ಮುಗಿದಿರಲಿಲ್ಲ. ಪಕ್ಕದ ಕೆಪಾಸಿಟರಿಗೂ
ನಾನೂರೈವತ್ತು ಸೆಂಟಿಮೀಟರು ಎಂದೇ ಬರೆದಿತ್ತು.
ಹುಡುಗ ಅಲ್ಲೂ ಸೊನ್ನೆ ಒರೆಸಲು ಹೊರಟ.
ತಡೆ. ಹೆಸರೊಂದೇ, ಮನೆತನ ಬೇರೆ.
ಇದನ್ನು ಒಂಬತ್ತರಿಂದ ಭಾಗಿಸು, ಹತ್ತರಿಂದ ಗುಣಿಸು,
ಐನೂರು ಪಿಕೋಫ್ಯಾರಡ್.
ಒಂದೇ ಹಾಳೆ, ಒಂದೇ ಕೈಬರಹ, ಎರಡು ಸೆಂಟಿಮೀಟರು.

ಔಸ್ಮ ಯಾವಾಗ ಎದ್ದು ನಿಂತಳೋ ಕಾಣೆ.
"ಉದ್ದವಲ್ಲವೆ?"
ಅಲ್ಲ.
"ಖಂಡಿತ?"

ರೈಲುಹಾದಿಯ ತಂತಿ ಯಾರೋ ಕತ್ತರಿಸಿದ ವರ್ಷ
ಮನೆ ಮನೆ ಜಾಲಾಡಿದರಂತೆ. ಈ ಕಾಗದ ಸಿಕ್ಕಿತು.
ಎರಡು ಕಿಲೋಮೀಟರು ಎಲ್ಲಿಂದ ತಂದೆ, ಎಂದರು.
ಇದು ಆ ಸೆಂಟಿಮೀಟರಲ್ಲ, ಎಂದ ಅಜ್ಜ ಫ್ರಿಚಿಸ್.
ಅದನ್ನೂ ಬರೆದುಕೊಂಡರು:
ಆರೋಪಿ ಸೆಂಟಿಮೀಟರನ್ನೇ ಅಲ್ಲಗಳೆಯುತ್ತಾನೆ.
ಕಾಗದವನ್ನು ಪೆಟ್ಟಿಗೆಗೇ ತುರುಕಿ
ಅವನನ್ನು ಕರೆದೊಯ್ದರು.
ಯಾವ ಸರ್ಕಾರವೆಂದು ಆಕೆ ಹೇಳಲಿಲ್ಲ.
ಆ ದಶಕದಲ್ಲಿ ಇಲ್ಲಿ ಲಾಟ್ಸು ರೂಬಲ್ಲಾಗಿ,
ರೂಬಲ್ಲು ಮಾರ್ಕಾಗಿ, ಮಾರ್ಕು ಮತ್ತೆ ರೂಬಲ್ಲಾಗಿ,
ಜನ ಬ್ರೆಡ್ಡಿನ ಸಾಲಿನಲ್ಲಿ ನಿಂತೇ
ಗುಣಾಕಾರ ಕಲಿತರು.

"ಅಜ್ಜಿ ಸಾಯುವವರೆಗೆ ತಂತಿಗಳ್ಳನ ಹೆಂಡತಿ.
ನಾವೂ ನಂಬಿದ್ದೆವು.
ಅಟ್ಟದಿಂದ ಇಳಿಸುವಾಗ ನನಗೆ
ಪೆಟ್ಟಿಗೆ ಭಾರವೆಂದೇ ಅನ್ನಿಸಿತ್ತು."

ಕೊಳೆತ ಸುರುಳಿಯನ್ನು ಬಿಚ್ಚಿದೆವು.
ಗಿರ್ತ್ಸ್ ಮೇಜಿನಂಚಿನ ಗೀಟುಗಳಿಗೆ ಹಿಡಿದು
ತುಂಡು ತುಂಡಾಗಿ ಅಳೆದ, ತುಟಿ ಅಲ್ಲಾಡಿಸುತ್ತ.
ಐವತ್ತೈದು ಸುತ್ತು.
ಹತ್ತು ಮೀಟರು, ಮೇಲೆ ನಲವತ್ತು ಸೆಂಟಿಮೀಟರು,
ಈ ಸಲ ಬಟ್ಟೆಯಂಗಡಿಯ ಸೆಂಟಿಮೀಟರು.
ಇನ್ನೊಮ್ಮೆ, ಎಂದಳು ಔಸ್ಮ.
ಇನ್ನೊಮ್ಮೆ ಅಳೆದ.

ಹೊಸ ತಂತಿ ಸುತ್ತಿದೆ. ಮೀಟರು ಇನ್ನೂರ ಮೂರು ತೋರಿಸಿತು,
ಮೂರಕ್ಕೆ ಯಾರೂ ಜಗಳವಾಡುವುದಿಲ್ಲ.
ಕತ್ತಲಾದ ಮೇಲೆ ಸ್ಪೀಕರು ಕೆಮ್ಮಿತು,
ಸಮುದ್ರದಾಚೆಯ ಯಾವುದೋ ಭಾಷೆ ಬಂದು, ಜಾರಿ, ಹೋಯಿತು.

ಆಕೆ ಕೇಳಿಸಿಕೊಂಡಂತೆ ಕಾಣಲಿಲ್ಲ.
"ರೇಡಿಯೋ ನಾಳೆ ಒಯ್ಯುವೆ. ಹಳೆ ತಂತಿ ಕೊಡಿ,
ಅಣ್ಣನಿಗೆ ತೋರಿಸಬೇಕು."
ಕೋಟಿನ ಒಂದೇ ಜೇಬಿಗೆ ಅದೆಲ್ಲ ಹಿಡಿಯಿತು,
ಕೈಗವಸಿಗೂ ಜಾಗ ಉಳಿಯಿತು.